ಗಾಜಿನ ತಟ್ಟೆಯ ಚರ್ಮವೂ ಅಣುವ್ರತಿಯೂ

ಕೊಲ್ಲದೆಯೇ ಚರ್ಮವನ್ನು ಪಡೆಯಬಹುದಾದರೆ ಅದನ್ನು ಧರಿಸುವುದರಲ್ಲಿ ದೋಷವೇನು ಎಂದು ಶ್ರಾವಕ ಕುಟುಂಬಗಳ ತರುಣರು ಕೇಳುವುದುಂಟು. ಪಶುವಿನ ಮೈಯಿಂದ ಚಿಟಿಕೆಯಷ್ಟು ಚರ್ಮವನ್ನು ತೆಗೆದು, ಅದರ ಜೀವಕೋಶಗಳನ್ನು ಪ್ರಯೋಗಶಾಲೆಯ ಗಾಜಿನ ತಟ್ಟೆಯಲ್ಲಿ ಬೆಳೆಸಿ, ಹದಮಾಡಿ ತೊಗಲಾಗಿಸುವ ಪ್ರಯತ್ನಗಳು ಹೊರದೇಶಗಳಲ್ಲಿ ನಡೆದಿವೆ. ಪ್ರಶ್ನೆ ಉಡಾಫೆಯದಲ್ಲ, ಉತ್ತರವೂ ಅವಸರದ್ದಾಗಬಾರದು.

ಮೊದಲು ಆ ಕೋಶಕ್ಕೆ ಆಹಾರವೇನೆಂದು ವಿಚಾರಿಸಬೇಕು. ಬರಿಯ ಉಪ್ಪು-ಸಕ್ಕರೆಯ ನೀರಿನಲ್ಲಿ ಅದು ಬೆಳೆಯದು. ದಶಕಗಳಿಂದ ರೂಢಿಯಲ್ಲಿರುವ ಪೋಷಕದ್ರವಕ್ಕೆ ಹುಟ್ಟದ ಕರುವಿನ ರಕ್ತಸಾರವನ್ನು ಬೆರೆಸುತ್ತಾರೆ. ಗಬ್ಬದ ಹಸುವನ್ನು ಕಸಾಯಿಖಾನೆಯಲ್ಲಿ ಕಡಿದಾಗ, ಗರ್ಭದ ಕರುವಿನ ಹೃದಯಕ್ಕೆ ಸೂಜಿ ಚುಚ್ಚಿ ಆ ರಕ್ತವನ್ನು ಸೆಳೆಯಲಾಗುತ್ತದೆ. ಹೀಗಿರುವಲ್ಲಿ ‘ಕೊಲ್ಲದ ಚರ್ಮ’ ಎಂಬ ಮಾತೇ ಸುಳ್ಳು. ಕೃತ-ಕಾರಿತ-ಅನುಮೋದನೆಗಳಲ್ಲಿ ಕೊನೆಯದಾದರೂ ಕೊಂಡವನಿಗೆ ತಗುಲದೆ ಇರದು.

ರಕ್ತಸಾರವಿಲ್ಲದ ದ್ರವಗಳೂ ಇಂದು ಇವೆ. ಆಗ? ಅಮೃತಚಂದ್ರಾಚಾರ್ಯರು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ತಾನಾಗಿ ಸತ್ತ ಎಮ್ಮೆ-ಎತ್ತುಗಳ ಮಾಂಸವನ್ನೂ ನಿಷೇಧಿಸಿದ್ದಾರೆ. ಕೊಂದವರಿಲ್ಲ ಎಂಬ ಸಮಾಧಾನ ಅವರಿಗೆ ಸಾಲಲಿಲ್ಲ. ಆ ಮಾಂಸವನ್ನು ಆಶ್ರಯಿಸಿದ ನಿಗೋದ ಜೀವಗಳನ್ನು ಅವರು ಲೆಕ್ಕಕ್ಕೆ ಹಿಡಿದರು. ಮಾಂಸ ಬೇರೆ, ಚರ್ಮ ಬೇರೆ ಎನ್ನುವಂತೆಯೂ ಇಲ್ಲ. ತೊಗಲಿನ ಪಾತ್ರೆಯಲ್ಲಿಟ್ಟ ನೀರು-ತುಪ್ಪಗಳನ್ನು ಶ್ರಾವಕಾಚಾರಗಳು ಮಾಂಸತ್ಯಾಗದ ಅತಿಚಾರದಲ್ಲಿಯೇ ಎಣಿಸಿವೆ. ತಟ್ಟೆಯ ಕೋಶವಾದರೋ ಉಣ್ಣುತ್ತದೆ, ಇಬ್ಭಾಗವಾಗುತ್ತದೆ, ಹದಮಾಡುವಾಗ ಸಾಯುತ್ತದೆ. ಅದರಲ್ಲಿ ಜೀವವಿಲ್ಲವೆಂದು ಸಾಧಿಸುವ ಹೊಣೆ ಧರಿಸಬಯಸುವವನದು. ಬಟ್ಟೆಯ ನಡುಪಟ್ಟಿ, ರಬ್ಬರಿನ ಪಾದರಕ್ಷೆಗಳು ಅಂಗಡಿಯಲ್ಲಿ ದೊರೆಯುತ್ತಿರಲು ಚರ್ಮವೇ ಬೇಕೆಂಬುದು ರಾಗವಲ್ಲದೆ ಮತ್ತೇನು?

ಸುಟ್ಟ ಗಾಯದ ಮಾತು ಬೇರೆ. 1975ರಲ್ಲಿ ಅಮೆರಿಕದ ರೈನ್‌ವಾಲ್ಡ್ ಮತ್ತು ಹೊವರ್ಡ್ ಗ್ರೀನ್ ಎಂಬ ವಿಜ್ಞಾನಿಗಳು ಮನುಷ್ಯನ ಹೊರಚರ್ಮದ ಕೋಶಗಳನ್ನು ತಟ್ಟೆಯಲ್ಲಿ ಬೆಳೆಸುವ ವಿಧಾನವನ್ನು ಪ್ರಕಟಿಸಿದರು. 1983ರಲ್ಲಿ ಮೈಯ ಬಹುಭಾಗ ಬೆಂದ ಇಬ್ಬರು ಬಾಲಕ ಸಹೋದರರಿಗೆ ಅವರವರದೇ ಚರ್ಮವನ್ನು ಬೆಳೆಸಿ ಹೊದಿಸಲಾಯಿತು. ಆ ವಿಧಾನದಲ್ಲಿಯೂ ಕೋಶಗಳಿಗೆ ಹಾಸಿಗೆಯಾದದ್ದು ಇಲಿಯ ಭ್ರೂಣದಿಂದ ಬಂದ ಕೋಶಗಳೇ. ಕರುವಿನ ರಕ್ತಸಾರವೂ ಇತ್ತು. ಹಿಂಸೆಯಿಲ್ಲವೆನ್ನಲಾರೆ. ಆದರೆ ನಡುಪಟ್ಟಿ ಕೊಳ್ಳುವವನ ಪರಿಣಾಮವನ್ನೂ ಬೆಂದ ಮಗುವಿನ ತಾಯಿಯ ಪರಿಣಾಮವನ್ನೂ ಒಂದೇ ತಕ್ಕಡಿಯಲ್ಲಿಡುವುದು ಅನ್ಯಾಯ. ಅಂಥ ತಾಯಿ ವೈದ್ಯರ ಕಾಗದಕ್ಕೆ ಸಹಿ ಹಾಕಿದರೆ ಅವಳ ವ್ರತ ಮುರಿಯಿತೆನ್ನಲು ನನಗೆ ನಾಲಗೆ ಏಳದು. ಬಯಸಿದಲ್ಲಿ ಅವಳು ಗುರುಗಳ ಬಳಿ ಪ್ರಾಯಶ್ಚಿತ್ತ ಕೇಳಲಿ. ಕೇಳೆಂದು ನೆರೆಹೊರೆಯವರು ಒತ್ತಾಯಿಸುವುದು ಬೇಡ.