ಬಹುಮಾನದ ಮೀನು ಮತ್ತು ಅಹಿಂಸಾಣುವ್ರತ

ಅಹಿಂಸಾಣುವ್ರತವನ್ನು ಸ್ವೀಕರಿಸಿದ ಶ್ರಾವಕನು, ತನ್ನ ಕೈಯಿಂದ ಯಾವ ತ್ರಸಜೀವವೂ ಸಾಯಲಿಲ್ಲವೆಂದು ನಿಶ್ಚಿಂತನಾಗಿ ಕುಳಿತುಕೊಳ್ಳುವಂತಿಲ್ಲ. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಈ ವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ. ಜೀವಿಯನ್ನು ಬಂಧಿಸುವುದು, ಹೊಡೆಯುವುದು, ಅಂಗವನ್ನು ಕತ್ತರಿಸುವುದು, ಮಿತಿಮೀರಿ ಭಾರ ಹೇರುವುದು, ಅನ್ನನೀರನ್ನು ತಡೆಯುವುದು, ಇವೇ ಆ ಐದು. ಪ್ರಾಣ ತೆಗೆಯುವುದು ಈ ಪಟ್ಟಿಯಲ್ಲಿಲ್ಲ. ಏಕೆಂದರೆ ಅದು ವ್ರತದ ಭಂಗವೇ ಹೊರತು ಅತಿಚಾರವಲ್ಲ. ಕೊಲ್ಲದೆಯೂ ವ್ರತವನ್ನು ಮಲಿನಗೊಳಿಸಬಹುದೆಂಬುದೇ ಆಚಾರ್ಯರ ಎಚ್ಚರಿಕೆ.

ಇದಕ್ಕೊಂದು ನಿದರ್ಶನವುಂಟು. ಇಂಗ್ಲೆಂಡಿನ ಜಾತ್ರೆಗಳಲ್ಲಿ ಚೆಂಡನ್ನೋ ಉಂಗುರವನ್ನೋ ಗುರಿಯಿಟ್ಟು ಎಸೆದು ಗೆದ್ದವರಿಗೆ, ಪ್ಲಾಸ್ಟಿಕ್ ಚೀಲದ ನೀರಿನಲ್ಲಿ ಗೋಲ್ಡ್‌ಫಿಷ್ ಎಂಬ ಹೊಂಬಣ್ಣದ ಮೀನನ್ನು ಬಹುಮಾನವಾಗಿ ಕೊಡುವ ಪದ್ಧತಿ ಬಹುಕಾಲದಿಂದ ನಡೆದುಬಂದಿದೆ. ಆ ನಾಡಿನಲ್ಲಿ ನೆಲೆಸಿರುವ ಜೈನ ಕುಟುಂಬಗಳ ಮಕ್ಕಳೂ ಜಾತ್ರೆಗೆ ಹೋಗುತ್ತಾರೆ. ಗೆದ್ದ ಮಗುವಿನಲ್ಲಿ ದೋಷವಿಲ್ಲ. ಅದಕ್ಕೆ ಆಟ ಗೊತ್ತು, ಮೀನು ಗೊತ್ತಿಲ್ಲ. ಆದರೆ ಮೀನು ಪಂಚೇಂದ್ರಿಯ ಜಲಚರ. ಅದನ್ನು ಮಣ್ಣಿನ ಗೊಂಬೆಯಂತೆ ಪಂದ್ಯಕ್ಕೆ ಇಡುವುದು ಹೇಗೆ ಸರಿಯಾದೀತು?

ಮೀನಿನ ದೇಹಧರ್ಮವನ್ನು ಅರಿತರೆ ವಿಷಯ ಸ್ಪಷ್ಟವಾಗುತ್ತದೆ. ಅದು ಕಿವಿರುಗಳ ಮೂಲಕ ಅಮೋನಿಯವನ್ನು ನೀರಿಗೆ ಬಿಡುತ್ತದೆ. ಕೆರೆಯಲ್ಲಿ ಈ ವಿಷ ಹರಡಿ ತಿಳಿಯಾಗುತ್ತದೆ. ಸೂಕ್ಷ್ಮಾಣುಗಳು ಅದನ್ನು ಪರಿವರ್ತಿಸುತ್ತವೆ. ಹೊಸದಾಗಿ ನೀರು ತುಂಬಿದ ಗಾಜಿನ ಬೋಗುಣಿಯಲ್ಲಿ ಅಂಥ ಸೂಕ್ಷ್ಮಾಣುಗಳು ನೆಲೆಗೊಳ್ಳಲು ಕೆಲವು ವಾರಗಳೇ ಬೇಕು. ಅಷ್ಟರಲ್ಲಿ ಮೀನು ತನ್ನ ಮಲದಿಂದಲೇ ವಿಷವಾದ ನೀರನ್ನು ಉಸಿರಾಡಬೇಕಾಗುತ್ತದೆ. ನಲ್ಲಿ ನೀರಿನ ಕ್ಲೋರಿನ್ ಕಿವಿರುಗಳನ್ನು ಸುಡುತ್ತದೆ. ಅಕ್ಕರೆಯಿಂದ ಮಗು ಸುರಿದ ಹೆಚ್ಚಿನ ಆಹಾರವೂ ಕೊಳೆತು ನೀರನ್ನು ಕೆಡಿಸುತ್ತದೆ. ಬಂಧವೆಂಬ ಅತಿಚಾರ ಇಲ್ಲಿ ಕಣ್ಣಿಗೆ ಕಾಣುತ್ತದೆ. ಶುದ್ಧ ನೀರಿಲ್ಲದಿರುವುದು ಅನ್ನಪಾನನಿರೋಧಕ್ಕೆ ಸಮಾನವೇ ಸರಿ.

‘ಅದರ ಆಯುಷ್ಯ ಮುಗಿದಿತ್ತು, ಸತ್ತಿತು, ನಮ್ಮದೇನು ತಪ್ಪು?’ ಎಂದು ಕೆಲವರು ಕೇಳಬಹುದು. ಶಾಸ್ತ್ರವು ಈ ಸಮಾಧಾನಕ್ಕೆ ಅವಕಾಶ ಕೊಡುವುದಿಲ್ಲ. ದೇವರು, ನಾರಕಿಗಳು, ಚರಮಶರೀರಿಗಳು, ಅಸಂಖ್ಯಾತ ವರ್ಷಗಳ ಆಯುಷ್ಯವುಳ್ಳವರು, ಇವರ ಆಯುಷ್ಯ ಮಾತ್ರ ಬಾಹ್ಯ ಕಾರಣಗಳಿಂದ ಕುಗ್ಗುವುದಿಲ್ಲ. ಉಳಿದ ಮನುಷ್ಯ ತಿರ್ಯಂಚರಿಗೆ ವಿಷಾದಿ ನಿಮಿತ್ತಗಳಿಂದ ಅಕಾಲಮರಣವುಂಟು. ಇಂಗ್ಲೆಂಡಿನ ಡಾಂಕಾಸ್ಟರ್ ಜಾತ್ರೆಯಲ್ಲಿ 1956ರಲ್ಲಿ ಬಹುಮಾನವಾಗಿ ಬಂದ ಇಂಥದೇ ಮೀನೊಂದು, ಒಳ್ಳೆಯ ಪಾಲನೆ ದೊರೆತುದರಿಂದ, 1999ರವರೆಗೆ 43 ವರ್ಷ ಬದುಕಿತು. ಹಾಗೆ ಬಾಳಬಲ್ಲ ಜೀವವು ವಾರದೊಳಗೆ ತೇಲಿದರೆ, ಅದರ ಕರ್ಮವನ್ನು ದೂರಿ ನಮ್ಮ ಪ್ರಮಾದವನ್ನು ಮರೆಮಾಡಲಾದೀತೆ?

ಮೃಗಸೇನನೆಂಬ ಬೆಸ್ತನ ಕಥೆ ಜೈನ ಗೃಹಗಳಿಗೆ ಅಪರಿಚಿತವಲ್ಲ. ಯಶೋಧರ ಮುನಿಗಳಿಂದ ಅವನು ಪಡೆದದ್ದು ಸಣ್ಣ ವ್ರತ: ಬಲೆಗೆ ಮೊದಲು ಬಿದ್ದ ಮೀನನ್ನು ಕೊಲ್ಲದೆ ಬಿಡಬೇಕು. ಆ ದಿನ ಅದೇ ಮೀನು ಐದು ಸಲ ಸಿಕ್ಕಿತು. ಐದು ಸಲವೂ ಬಿಟ್ಟನು. ಬರಿಗೈಯಲ್ಲಿ ಮನೆಗೆ ಬಂದಾಗ ಹೆಂಡತಿ ಬಾಗಿಲು ಹಾಕಿದಳು. ಹೊರಗೆ ಮಲಗಿದವನು ಹಾವು ಕಚ್ಚಿ ಮಡಿದನು. ಮುಂದಿನ ಜನ್ಮದಲ್ಲಿ ಧನಕೀರ್ತಿಯಾಗಿ ಐದು ಬಾರಿ ಮರಣಸಂಕಟದಿಂದ ಪಾರಾದನು. ಮೀನು ಹಿಡಿದೇ ಹೊಟ್ಟೆ ಹೊರೆಯುವವನು ಹಸಿವನ್ನು ಸಹಿಸಿ ಒಂದು ಮೀನಿಗೆ ಅಭಯ ಕೊಟ್ಟನು. ಹಸಿವಿನ ಕಾರಣವೂ ಇಲ್ಲದೆ, ಕೇವಲ ವಿನೋದಕ್ಕಾಗಿ ಅದೇ ಅಭಯವನ್ನು ಕಸಿದುಕೊಳ್ಳುವುದು ಅನರ್ಥದಂಡವಲ್ಲದೆ ಮತ್ತೇನು?

ಲೌಕಿಕ ಕಾಯಿದೆಯೂ ಈ ದಿಕ್ಕಿನಲ್ಲಿ ಹೆಜ್ಜೆಯಿಟ್ಟಿದೆ. 2006ರ ಕಾಯಿದೆಯಂತೆ ಸ್ಕಾಟ್ಲೆಂಡಿನಲ್ಲಿ, ಕುಟುಂಬದೊಳಗಿನ ಕೊಡುಗೆಯನ್ನು ಬಿಟ್ಟು, ಪ್ರಾಣಿಗಳನ್ನು ಬಹುಮಾನವಾಗಿ ಕೊಡುವುದು ಅಪರಾಧ. ಅದೇ ವರ್ಷದ ಇಂಗ್ಲೆಂಡ್ ಮತ್ತು ವೇಲ್ಸಿನ ಕಾಯಿದೆ, ಹಿರಿಯರ ಜೊತೆಯಿಲ್ಲದ 16 ವರ್ಷದೊಳಗಿನವರಿಗೆ ಹೀಗೆ ಕೊಡುವುದನ್ನು ನಿಷೇಧಿಸಿತು. ಆದರೆ ಹಿರಿಯರು ಜೊತೆಗಿದ್ದರೆ ಕಾಯಿದೆಯ ತಡೆ ಇಲ್ಲವಾಯಿತು. ಅಲ್ಲಿಂದ ಮುಂದೆ ಕಾಯುವುದು ವ್ರತವೊಂದೇ. ಜೊತೆಗೆ ನಿಂತ ತಾಯಿತಂದೆಗಳು ಕೃತ, ಕಾರಿತ, ಅನುಮೋದನ ಎಂಬ ಮೂರನ್ನೂ ನೆನೆಯಬೇಕು.

ಮೀನು ಈಗಾಗಲೇ ಮನೆಗೆ ಬಂದಿದ್ದರೆ ಏನು ಮಾಡಬೇಕು? ಕೆರೆಗೆ ಬಿಟ್ಟರೆ ಅಭಯದಾನವಾಯಿತೆಂದು ತಿಳಿಯಬಾರದು. ಈ ಪರದೇಶದ ಮೀನು ಕೆರೆಯ ತಳವನ್ನು ಕೆದಕಿ ನೀರನ್ನು ಕಲಕುತ್ತದೆ, ರೋಗವನ್ನು ಒಯ್ಯಬಹುದು. ಒಂದು ಜೀವಕ್ಕೆ ತೋರಿದ ದಯೆ ಅನೇಕ ಜೀವಗಳಿಗೆ ಕಂಟಕವಾಗುತ್ತದೆ. ನೀರು ಸೋಸಿದ ಮೇಲೆ ಬಟ್ಟೆಯಲ್ಲುಳಿದ ಸೂಕ್ಷ್ಮಜೀವಗಳನ್ನು ಬಂದ ಬಾವಿಗೇ ಮರಳಿಸುವ ನಮ್ಮ ಹಿರಿಯರ ಕ್ರಮದಲ್ಲಿ ಈ ವಿವೇಕವಿದೆ: ಜೀವವನ್ನು ಅದರದೇ ನೆಲೆಗೆ ಸೇರಿಸಬೇಕು, ಕಂಡಕಂಡಲ್ಲಿ ಅಲ್ಲ. ಮರಳಿಸಲು ನೆಲೆಯಿಲ್ಲದ ಈ ಮೀನಿಗೆ ಮನೆಯೇ ನೆಲೆಯಾಗಬೇಕು. ವಿಶಾಲವಾದ ತೊಟ್ಟಿ, ನೀರು ಶುದ್ಧಿಮಾಡುವ ಫಿಲ್ಟರ್, ಕ್ಲೋರಿನ್ ತೆಗೆದ ನೀರು, ಮಿತವಾದ ಆಹಾರ, ಎಲ್ಲ ನೀರನ್ನೂ ಒಮ್ಮೆಗೇ ಚೆಲ್ಲದೆ ಭಾಗಶಃ ಬದಲಿಸುವ ಕ್ರಮ, ಇವಿಷ್ಟು ಕನಿಷ್ಠ ಕರ್ತವ್ಯ. ಸಾಧ್ಯವಾಗದಿದ್ದರೆ, ಬಲ್ಲವರಾಗಿ ಸಾಕುತ್ತಿರುವವರ ವಶಕ್ಕೆ ಒಪ್ಪಿಸುವುದು ಲೇಸು.

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳಲ್ಲಿ ಅಭಯವಿಲ್ಲದ ಜೀವದ ಕೊಡುಗೆಗೆ ಸ್ಥಾನವಿಲ್ಲ. ಬರುವ ದಶಲಕ್ಷಣ ಪರ್ವದಲ್ಲಿ ಉಪವಾಸ, ಏಕಭುಕ್ತಗಳ ಸಂಕಲ್ಪದೊಡನೆ ಪ್ರತಿಯೊಂದು ಮನೆಯೂ ಇನ್ನೊಂದು ಸಣ್ಣ ನಿಯಮವನ್ನು ಸೇರಿಸಿಕೊಳ್ಳಲಿ: ಜೀವವನ್ನು ಬಹುಮಾನವಾಗಿ ಕೊಡುವುದಿಲ್ಲ, ಕೊಡಿಸುವುದಿಲ್ಲ, ಕೊಟ್ಟವರನ್ನು ಮೆಚ್ಚುವುದಿಲ್ಲ. ಮಕ್ಕಳಿಂದಲೇ ಇದನ್ನು ಹೇಳಿಸಿ, ಕಾರಣವನ್ನೂ ತಿಳಿಸಲಿ. ಮೃಗಸೇನನ ವ್ರತವೂ ಇಷ್ಟೇ ಸಣ್ಣದಾಗಿತ್ತು.