ಇಂದಿನ ಚಿಂತನೆ: ಹಿಡಿದಿಟ್ಟ ಹಾಡು



ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನ ಕಂಪನಿಯೊಂದರಲ್ಲಿ ಇಂಟರ್ನ್. ಈ ಬೇಸಿಗೆಯಲ್ಲಿ ಕೆಲಸ ಮುಗಿಸಿ ಚಾಮರಾಜಪೇಟೆಯ ಫೋರ್ಟ್ ಹೈಸ್ಕೂಲ್ ಮೈದಾನದ ರಾಮನವಮಿ ಕಚೇರಿಗಳಿಗೆ ಹೋಗುತ್ತಿದ್ದ. 1939ರಿಂದ ನಡೆದು ಬಂದ ಸಂಗೀತೋತ್ಸವ ಅದು.

ಮೊನ್ನೆ ಫೋನ್ ಮಾಡಿ, “ಮೇಡಂ, 20 ಕಚೇರಿ ರೆಕಾರ್ಡ್ ಮಾಡಿದೆ. ಒಂದನ್ನೂ ನಾನು ಮತ್ತೆ ಕೇಳಿಲ್ಲ. ಅಲ್ಲಿ ಕೂತಾಗಲೂ ಗಮನವೆಲ್ಲ ಮೊಬೈಲ್ ಮೇಲೇ ಇತ್ತು” ಅಂದ. ಸ್ವಲ್ಪ ತಡೆದು, “ಒಂದನ್ನು ಮಾತ್ರ ಊರಲ್ಲಿ ಹಾಸಿಗೆ ಹಿಡಿದಿರೋ ಅಜ್ಜಿಗೆ ಕಳಿಸಿದೆ. ಅವರು ದಿನಾ ಕೇಳ್ತಾರೆ” ಅಂದ.

ಉಪೋಸಥದ ದಿನ ಅಷ್ಟಶೀಲ ಪಾಲಿಸುವವರು ಸಂಗೀತವನ್ನೂ ಬಿಡುತ್ತಾರೆ. ಹಾಗಾದರೆ ಹಾಡು ಕೇಳುವುದೇ ತಪ್ಪೇ? ನನಗೆ ಹಾಗನ್ನಿಸುವುದಿಲ್ಲ. ಒಂದು ಸ್ವರ ಸರಿದರೆ ತಾನೇ ಮುಂದಿನದಕ್ಕೆ ಜಾಗ? ಎಲ್ಲವೂ ಉಳಿದುಬಿಟ್ಟರೆ ರಾಗ ಹೋಗಿ ಗದ್ದಲವಾಗುತ್ತದೆ. ಅನಿತ್ಯವೇ ಸಂಗೀತದ ಜೀವ. ಅದನ್ನು ‘ನನ್ನದು’ ಎಂದು ಹಿಡಿಯಹೋದ ಹುಡುಗನಿಗೆ ಎದುರಿಗಿದ್ದ ಹಾಡೂ ಕೇಳಿಸಲಿಲ್ಲ. ಅದೇ ಮೊಬೈಲಿನಿಂದ ಅಜ್ಜಿಗೆ ಕಳಿಸಿದ್ದು ದಾನವಾಯಿತು.

ಇಂದು ನಾವು ಹಿಡಿದುಕೊಂಡಿರುವುದರಲ್ಲಿ ಒಂದನ್ನಾದರೂ ಯಾರಿಗಾಗಿ ಹಿಡಿದಿದ್ದೇವೆ ಎಂದು ನೋಡಿಕೊಳ್ಳೋಣ.

ಭವತು ಸಬ್ಬ ಮಂಗಲಂ.