ಛಲವೂ ಸುಸ್ತೂ

ಎಂ.ಎ. ಓದುವಾಗ ನನ್ನ ಹಾಸ್ಟೆಲ್ ಕೋಣೆಯಲ್ಲಿ 800 ಮೀಟರ್ ಓಡುವ ಹುಡುಗಿಯೊಬ್ಬಳಿದ್ದಳು. ಬೆಳಗಿನ ಐದಕ್ಕೆ ಎದ್ದು, ಶೂ ಕೈಯಲ್ಲಿ ಹಿಡಿದು, ನನಗೆ ಎಚ್ಚರವಾಗದಂತೆ ಬಾಗಿಲೆಳೆದುಕೊಂಡು ಮೈದಾನಕ್ಕೆ ಹೋಗುತ್ತಿದ್ದಳು. ಒಂದು ಮಳೆಗಾಲ ಅವಳಿಗೆ ಡೆಂಗಿ ಬಂತು. ಜ್ವರ ಇಳಿಯಿತು, ಪ್ಲೇಟ್‌ಲೆಟ್ ಏರಿತು, ಊರಿಂದ ಬಂದ ಅಮ್ಮ ಪಪ್ಪಾಯ ಎಲೆಯ ರಸ ಕುಡಿಸಿ ಹೋದರು. ಮೂರು ವಾರಕ್ಕೆ ಅವಳು ಮತ್ತೆ ಶೂ ಕಟ್ಟಿದಳು. ಮೊದಲ ದಿನ ಚೆನ್ನಾಗಿಯೇ ಓಡಿ ಬಂದಳು. ಮರುದಿನ ಮಧ್ಯಾಹ್ನದವರೆಗೆ ಹಾಸಿಗೆಯಿಂದ ಏಳಲಾಗಲಿಲ್ಲ.

ಇದು ಮತ್ತೆ ಮತ್ತೆ ಆಯಿತು. ರಕ್ತಪರೀಕ್ಷೆಯಲ್ಲಿ ಎಲ್ಲವೂ ಸರಿಯಾಗಿತ್ತು. ಕೋಚ್‌ಗೆ ಅದು ಮೈಗಳ್ಳತನವಾಗಿ ಕಂಡಿತು. ನಾನೂ ಒಂದು ಸಂಜೆ, ಒಳ್ಳೆಯ ಗೆಳತಿಯ ದನಿಯಲ್ಲೇ, "ಮನಸ್ಸು ಮಾಡೇ, ಆಗತ್ತೆ. ಮಲಗಿದ್ರೆ ಇನ್ನೂ ಸುಸ್ತು" ಎಂದೆ. ಅವಳು ನಂಬಿದಳು, ಮನಸ್ಸು ಮಾಡಿದಳು. ನಾಲ್ಕು ತಿಂಗಳ ನಂತರ ಅವಳಿಗೆ ಹಾಸ್ಟೆಲ್ಲಿನ ಎರಡನೇ ಮಹಡಿ ಹತ್ತಲೂ ನಡುವೆ ನಿಲ್ಲಬೇಕಾಗುತ್ತಿತ್ತು. ಅವಳು ಆಮೇಲೆ ಸ್ಪರ್ಧೆಗೆ ಇಳಿಯಲಿಲ್ಲ.

ನಾನು ಹೇಳಿದ್ದು ಸುಳ್ಳೇನಲ್ಲ, 'ಮನಸ್ಸಿದ್ದರೆ ಮಾರ್ಗ' ಎಂಬ ಗಾದೆಯನ್ನಷ್ಟೇ. ಆದರೂ ನಾನು ಮಾಡಿದ್ದು ತಪ್ಪೇ? ತಪ್ಪಾದರೆ ಎಂಥ ತಪ್ಪು? ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ವೈರಸ್ ಕಾಯಿಲೆಯ ನಂತರ ಕೆಲವರಲ್ಲಿ ಉಳಿಯುವ ಸುಸ್ತು, ಓಟ ಮುಗಿದ ಮೇಲೆ ಬರುವ ಸುಸ್ತಿನ ಹಾಗಲ್ಲ. ಅದು ಶ್ರಮಪಟ್ಟ ಹೊತ್ತಿನಲ್ಲಿ ಸುಮ್ಮನಿದ್ದು, ಒಂದೆರಡು ದಿನ ಬಿಟ್ಟು ಹೊಡೆಯುತ್ತದೆ. ವಿಶ್ರಾಂತಿಯಿಂದ ಸುಲಭವಾಗಿ ಹೋಗುವುದಿಲ್ಲ. ಕೋವಿಡ್ ಬಂದ ಮೇಲೆ ಇದು ದೊಡ್ಡ ಸುದ್ದಿಯಾಯಿತು. 2024ರ ಆರಂಭದಲ್ಲಿ ಆಮ್‌ಸ್ಟರ್‌ಡ್ಯಾಮಿನ ಸಂಶೋಧಕರು ಲಾಂಗ್ ಕೋವಿಡ್ ಇದ್ದವರಿಂದ ಸೈಕಲ್ ತುಳಿಸಿ, ಅದಕ್ಕೆ ಮೊದಲೂ ಮರುದಿನವೂ ತೊಡೆಯ ಸ್ನಾಯುವಿನ ಚೂರು ತೆಗೆದು ನೋಡಿದ ಅಧ್ಯಯನ ಪ್ರಕಟವಾಯಿತು. ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾಗಳ ಕೆಲಸ ಕುಗ್ಗಿತ್ತು, ಸ್ನಾಯುವಿಗೆ ಹಾನಿಯಾದ ಗುರುತುಗಳು ಹೆಚ್ಚಿದ್ದವು. ಬ್ರಿಟನ್ನಿನ ಮಾರ್ಗಸೂಚಿ ಸಂಸ್ಥೆ ನೈಸ್, ಇಂಥ ದೀರ್ಘ ಸುಸ್ತಿನ ಕಾಯಿಲೆಗೆ ವ್ಯಾಯಾಮವನ್ನು ಹಂತಹಂತವಾಗಿ ಏರಿಸುತ್ತ ಹೋಗಿ ಎಂದು 2007ರಲ್ಲಿ ಸಲಹೆ ಕೊಟ್ಟಿತ್ತು. 2021ರಲ್ಲಿ ಆ ಸಲಹೆಯನ್ನು ಕೈಬಿಟ್ಟಿತು. ನನ್ನ ಗೆಳತಿಗಿದ್ದದ್ದು ಇದೇ ಎಂದು ಯಾವ ವೈದ್ಯರೂ ಹೇಳಿರಲಿಲ್ಲ. ಆದರೆ ಇದನ್ನೆಲ್ಲ ಓದುವಾಗ ನನಗೆ ನೆನಪಾದದ್ದು ಆ ಕೋಣೆಯ ಕಿಟಕಿಯ ಪಕ್ಕದ ಮಂಚ.

ಓಟಗಾರರ ಸಂಕಟ ಇಲ್ಲಿ ಉಳಿದವರಿಗಿಂತ ಬೇರೆ. ಮೈ 'ಸಾಕು' ಎಂದಾಗ ಇನ್ನೊಂದು ಸುತ್ತು ಓಡುವುದೇ ಅವರು ವರ್ಷಗಟ್ಟಲೆ ಕಲಿತ ವಿದ್ಯೆ. ಅದನ್ನು ನಾವು ಛಲ ಎನ್ನುತ್ತೇವೆ, ಮೆಚ್ಚುತ್ತೇವೆ. ಆದರೆ ಛಲ ತಾನಾಗಿಯೇ ಒಳ್ಳೆಯದೇ? ಪಂಪ ದುರ್ಯೋಧನನನ್ನು ನೆನೆಯುವುದು ಛಲಕ್ಕಾಗಿ; ಅವನನ್ನು ದೊಡ್ಡವನನ್ನಾಗಿಸಿದ ಆ ಗುಣವೇ ಅವನನ್ನು ಮುಗಿಸಿತು ಕೂಡ. ಕಾಂಟ್ 1785ರ ತನ್ನ ನೀತಿಗ್ರಂಥದ ಮೊದಲ ಪುಟದಲ್ಲೇ ಧೈರ್ಯ, ದೃಢತೆ, ಪಟ್ಟುಬಿಡದಿರುವಿಕೆಗಳನ್ನು ಹೆಸರಿಸಿ, ಇವು ಕೆಡುಕಿಗೂ ಒದಗಬಲ್ಲವು ಎನ್ನುತ್ತಾನೆ. ಅವನ ಮನಸ್ಸಿನಲ್ಲಿದ್ದದ್ದು ಕೆಟ್ಟ ಸಂಕಲ್ಪದವರು. ಕೆಟ್ಟ ಸಂಕಲ್ಪವೇನೂ ಇಲ್ಲದ ನನ್ನ ಗೆಳತಿಗೂ ಛಲ ಕೆಡುಕನ್ನೇ ಮಾಡಿತು.

2024ರ ಆಗಸ್ಟ್ 8ರ ರಾತ್ರಿ ಪ್ಯಾರಿಸ್ ಒಲಿಂಪಿಕ್ಸ್‌ನ 200 ಮೀಟರ್ ಫೈನಲ್ ನೋಡಿದವರಿಗೆ ನೋವಾ ಲೈಲ್ಸ್ ನೆನಪಿರಬೇಕು. ಎರಡು ದಿನ ಮೊದಲು ಕೋವಿಡ್ ಪಾಸಿಟಿವ್, ಮೊದಲೇ ಆಸ್ತಮಾ. ಆದರೂ ಓಡಿದ, 19.70 ಸೆಕೆಂಡಿನಲ್ಲಿ ಕಂಚು ಗೆದ್ದು ಟ್ರ್ಯಾಕಿನ ಮೇಲೆ ಕುಸಿದ, ಗಾಲಿಕುರ್ಚಿಯಲ್ಲಿ ಹೊರಗೆ ಹೋದ. ಮುಂದಿನ ವರ್ಷ ಟೋಕಿಯೊದಲ್ಲಿ ಅದೇ ಓಟದ ವಿಶ್ವ ಪಟ್ಟವನ್ನು ಉಳಿಸಿಕೊಂಡ. ಆದ್ದರಿಂದ ಆ ರಾತ್ರಿಯನ್ನು ಇವತ್ತು ಧೈರ್ಯದ ಕಥೆಯಾಗಿ ಹೇಳಬಹುದು. ಒಂದು ವೇಳೆ ಅವನು ಚೇತರಿಸಿಕೊಳ್ಳದೇ ಹೋಗಿದ್ದರೆ? ಆಗ ಅದೇ ನಿರ್ಧಾರವನ್ನು ಹುಚ್ಚುತನ ಎನ್ನುತ್ತಿದ್ದೆವು. ನಿರ್ಧಾರದ ಬೆಲೆ ಅದರ ಫಲದಿಂದ, ಅಂದರೆ ನಮ್ಮ ಕೈಯಲ್ಲಿಲ್ಲದ ಸಂಗತಿಯಿಂದ ತೀರ್ಮಾನವಾಗುವುದನ್ನು ಬರ್ನಾರ್ಡ್ ವಿಲಿಯಮ್ಸ್ 1976ರಲ್ಲಿ 'ನೈತಿಕ ಅದೃಷ್ಟ' ಎಂದು ಕರೆದ. ಲೈಲ್ಸ್‌ನ ಛಲಕ್ಕೂ ನನ್ನ ಗೆಳತಿಯ ಛಲಕ್ಕೂ ನಡುವಿನ ಅಂತರ ಬಹುಶಃ ಗುಣದ್ದಲ್ಲ, ಅದೃಷ್ಟದ್ದು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಛಲವೇ ಇಲ್ಲದಿದ್ದರೆ ವಿಲ್ಮಾ ರುಡಾಲ್ಫ್ ಎಲ್ಲಿರುತ್ತಿದ್ದಳು? ಅಮೆರಿಕದ ಟೆನೆಸಿಯ ಈ ಕಪ್ಪು ಹುಡುಗಿಯ ಎಡಗಾಲನ್ನು ಪೋಲಿಯೋ ವೈರಸ್ ಬಾಲ್ಯದಲ್ಲೇ ಹಿಡಿದಿತ್ತು. ಲೋಹದ ಪಟ್ಟಿ ಕಟ್ಟಿಕೊಂಡು ನಡೆದವಳು 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಮೂರು ಚಿನ್ನ ಗೆದ್ದಳು. ಈ ಕಥೆಯನ್ನು ಶಾಲೆಗಳಲ್ಲಿ ಸಂಕಲ್ಪಬಲದ ಪಾಠವಾಗಿ ಹೇಳುತ್ತಾರೆ. ಆದರೆ ಅದರೊಳಗೆ ಇನ್ನೂ ಕೆಲವರಿದ್ದಾರೆ: ಚಿಕಿತ್ಸೆಗಾಗಿ ವಾರವಾರವೂ ಸುಮಾರು 80 ಕಿಲೋಮೀಟರ್ ದೂರದ ನ್ಯಾಶ್‌ವಿಲ್‌ಗೆ ಬಸ್ಸಿನಲ್ಲಿ ಕರೆದೊಯ್ದ ತಾಯಿ, ದಿನಕ್ಕೆ ಹಲವು ಸಲ ಕಾಲು ತಿಕ್ಕಿದ ಒಡಹುಟ್ಟಿದವರು, ಯಾರೂ ಅವಸರ ಮಾಡದೆ ಬಿಟ್ಟ ವರ್ಷಗಳು. ಛಲ ಮಾತ್ರ ಅವಳನ್ನು ಓಡಿಸಲಿಲ್ಲ. ಪೋಲಿಯೋವನ್ನು ಹೀಗೆ ಗೆದ್ದ ಹಲವರಲ್ಲಿ ದಶಕಗಳ ನಂತರ ಸ್ನಾಯುಗಳು ಮತ್ತೆ ಸೋಲತೊಡಗುತ್ತವೆ. ಆಗ ವೈದ್ಯರು ಹೇಳುವುದು ಇದ್ದ ಶಕ್ತಿಯನ್ನು ಅಳೆದು ಖರ್ಚು ಮಾಡಿ ಎಂದೇ. ಒಂದೇ ವೈರಸ್, ಆದರೆ ಒಂದು ಕಾಲಕ್ಕೆ ಬೇಕಾದ ಗುಣ ಇನ್ನೊಂದು ಕಾಲಕ್ಕೆ ಹಾನಿ.

ಹಾಗಾದರೆ ಯಾವ ಕಾಲ ಯಾವುದೆಂದು ತಿಳಿಸುವವರು ಯಾರು? ಅವಳಲ್ಲದೆ ಮತ್ತಾರು? ಒಂದು ಸುತ್ತನ್ನು ಎಷ್ಟು ಸೆಕೆಂಡಿನಲ್ಲಿ ಓಡಿದೆನೆಂದು ಗಡಿಯಾರ ನೋಡದೆಯೇ ಹೇಳುತ್ತಿದ್ದವಳು, ತನ್ನ ನಾಡಿಬಡಿತವನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದವಳು. ಅವಳ ಮೈಯ ಬಗ್ಗೆ ಅವಳಿಗಿಂತ ಒಳ್ಳೆಯ ಸಾಕ್ಷಿ ಆ ಕ್ಯಾಂಪಸ್ಸಿನಲ್ಲಿ ಇರಲಿಲ್ಲ. ಆ ಸಾಕ್ಷಿಯನ್ನೇ ನಾವು ನಂಬಲಿಲ್ಲ. ಮಿರಾಂಡಾ ಫ್ರಿಕರ್ ಎಂಬ ತತ್ವಶಾಸ್ತ್ರಜ್ಞೆ 2007ರ ಪುಸ್ತಕವೊಂದರಲ್ಲಿ ಇದನ್ನು ಅನ್ಯಾಯದ ಒಂದು ಬಗೆ ಎನ್ನುತ್ತಾರೆ: ಪೂರ್ವಗ್ರಹದಿಂದಾಗಿ ಒಬ್ಬರ ಮಾತಿನ ತೂಕವನ್ನೇ ಇಳಿಸುವುದು. ತನ್ನ ಅನುಭವಕ್ಕೆ ಸಮಾಜದಲ್ಲಿ ಹೆಸರೇ ಇಲ್ಲದಿರುವುದು ಅವರು ಹೇಳುವ ಇನ್ನೊಂದು ಬಗೆ. 'ಲಾಂಗ್ ಕೋವಿಡ್' ಎಂಬ ಹೆಸರು 2020ರ ಮೇ ತಿಂಗಳಲ್ಲಿ ಮೊದಲು ಬಂದದ್ದು ರೋಗಿಯಿಂದ, ಎಲಿಸಾ ಪೆರೆಗೊ ಎಂಬ ಇಟಲಿಯ ಪುರಾತತ್ವಜ್ಞೆಯಿಂದ. ವಿಶ್ವ ಆರೋಗ್ಯ ಸಂಸ್ಥೆಯ ವ್ಯಾಖ್ಯಾನ ಬಂದದ್ದು ಮರುವರ್ಷದ ಅಕ್ಟೋಬರ್‌ನಲ್ಲಿ. ನನ್ನ ಗೆಳತಿಯ ಕಾಲಕ್ಕೆ ಇಂಥ ಹೆಸರೂ ನಮ್ಮಲ್ಲಿರಲಿಲ್ಲ. ಇದ್ದ ಹೆಸರು ಸೋಮಾರಿತನ.

ಸುಸ್ತು ಎಂದವರನ್ನೆಲ್ಲ ನಂಬಬೇಕೆ, ನೆಪ ಹೇಳುವವರಿಲ್ಲವೆ ಎಂದು ನೀವು ಕೇಳಬಹುದು. ಇದ್ದಾರೆ. ಆದರೆ ಎರಡೂ ಬಗೆಯ ತಪ್ಪಿನ ಬೆಲೆಯನ್ನು ಅಕ್ಕಪಕ್ಕ ಇಟ್ಟು ನೋಡಿ. ನೆಪ ಹೇಳುವವಳನ್ನು ನಂಬಿದರೆ ಕೆಲವು ವಾರದ ಅಭ್ಯಾಸ ಹೋಗುತ್ತದೆ. ನಿಜ ಹೇಳುವವಳನ್ನು ನಂಬದಿದ್ದರೆ ಅವಳ ಓಟವೇ ಹೋಗಬಹುದು. ಹಾಗೆಂದು ಸದಾ ಮಲಗಿರಬೇಕೆಂದಲ್ಲ. ಎಷ್ಟು ಮಾಡಿದರೆ ಮರುದಿನ ಏಳಲು ಸಾಧ್ಯವೋ ಅಷ್ಟು ಮಾಡಿ ನಿಲ್ಲಿಸುವುದು, ನಿಲ್ಲಿಸಲು ಕಲಿಯದವರಿಗೆ, ಓಡುವುದಕ್ಕಿಂತ ಕಷ್ಟದ ಶಿಸ್ತು. ಆ ಶಿಸ್ತಿಗೂ ಛಲ ಬೇಕು, ಆದರೆ ಅದನ್ನು ನೋಡಿ ಯಾರೂ ಚಪ್ಪಾಳೆ ತಟ್ಟುವುದಿಲ್ಲ.

ನನ್ನ ತಪ್ಪು ಈಗ ಸ್ವಲ್ಪ ಸ್ಪಷ್ಟವಾಗಿದೆ. ಗಾದೆ ಹೇಳಿದ್ದು ತಪ್ಪಲ್ಲ. ಅವಳ ಮಾತನ್ನು ಕೇಳಿಸಿಕೊಳ್ಳುವ ಬದಲಿಗೆ ಗಾದೆ ಹೇಳಿದೆ, ಅದು ತಪ್ಪು.

ಅವಳು ಈಗ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್. ದಿನಾ ನಡೆಯುತ್ತಾಳೆ, ಓಡುವುದಿಲ್ಲ. ಕಳೆದ ವರ್ಷ ಅವಳ ಮೈದಾನಕ್ಕೆ ಹೋಗಿದ್ದೆ. ಹುಡುಗಿಯೊಬ್ಬಳು ಬಂದು, "ಮಿಸ್, ಇವತ್ತು ಆಗ್ತಿಲ್ಲ" ಎಂದಳು. ಇವಳು ಗದರಲಿಲ್ಲ, ಹುರಿದುಂಬಿಸಲೂ ಇಲ್ಲ. "ನಿನ್ನೆ ಏನೇನು ಮಾಡ್ದೆ, ಹೇಳು" ಎಂದು ಕೇಳಿ, ಉತ್ತರ ಮುಗಿಯುವವರೆಗೆ ಕಾದಳು.